ಅದು ಬಾಗಿಲಿನ ಸದ್ದಲ್ಲ

ಲೋಯ್ಗಾವೀಕ್
ಶನಿವಾರ, ಜನವರಿ ೧೧, ೨೦೧೪

ನನ್ನ ಪ್ರೀತಿಯ ಸ್ವಾನಾ,

ಹೇಗಿದ್ದೀಯ, ಮೊದಲು ಅದನ್ನು ಹೇಳು. ವಾಂತಿ ನಿಂತಿತೇ? ಬಾಯಲ್ಲಿ ತಗಡು ನೆಕ್ಕಿದ ರುಚಿ ಎಂದಿದ್ದೆಯಲ್ಲ, ಅದಕ್ಕೆ ಡಾಕ್ಟರು ಏನಾದರೂ ಕೊಟ್ಟರೇ, ಇಲ್ಲ ಸುಮ್ಮನೆ ತಲೆಯಾಡಿಸಿ ಮುಂದಿನ ಕೋಣೆಗೆ ಹೋದರೇ? ಆಸ್ಪತ್ರೆಯ ಪಕ್ಕದ ಆ ತಂಗುಮನೆಯ ಊಟ ನಿನಗೆ ಒಗ್ಗುವುದಿಲ್ಲ ಎಂದು ಗೊತ್ತು. ಅಲ್ಲಿನ ಕುರಿಮಾಂಸದ ಸಾರಿನಲ್ಲಿ ಕುರಿ ಒಂದು ಸಲ ಕಾಲದ್ದಿ ಎದ್ದು ಹೋಗಿರುತ್ತದೆ ಎಂದು ನೀನೇ ನಗಾಡಿದ್ದೆ. ಸೇರದಿದ್ದರೆ ಬಿಡು, ಸ್ಕೀರ್ ಮೊಸರನ್ನಾದರೂ ಹಠ ಮಾಡದೆ ತಿನ್ನು. ಕಳೆದ ವಾರ ಕಳಿಸಿದ ಒಣಮೀನು ಅಗಿಯಲಾಗದಿದ್ದರೆ ಬೆಣ್ಣೆ ಸವರಿ ಬಾಯಲ್ಲಿಟ್ಟುಕೊಂಡು ಕೂರು, ತಾನಾಗಿ ಮೆತ್ತಗಾಗುತ್ತದೆ. ತಲೆಗೆ ಉಣ್ಣೆ ಟೋಪಿ ಹಾಕಿಕೋ. ಕೂದಲು ಹೋದರೆ ಹೋಯಿತು. ನನ್ನದು ಹೋಗಿ ಎಷ್ಟು ಕಾಲವಾಯಿತು, ನೀನು ಒಂದು ದಿನವಾದರೂ ಅದಕ್ಕಾಗಿ ಅತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ. ಮೊಣಕಾಲು ಎಂದಿನಂತೆ ಗೊಣಗುತ್ತದೆ, ನಾನು ಎಂದಿನಂತೆ ಅದರ ಮಾತು ಕೇಳುವುದಿಲ್ಲ. ಓರ್ರಿ ಹಡಗಿನಿಂದ ಫೋನ್ ಮಾಡಿದ್ದ. ಮೀನು ಸಿಗುತ್ತಿದೆಯಂತೆ, ಅಮ್ಮನಿಗೆ ಮುತ್ತು ಕೊಡು ಎಂದ. ಇಷ್ಟು ದೂರದಿಂದ ಹೇಗೆ ಕೊಡಲಿ ಎಂದೆ. ಅವನು ಇಟ್ಟುಬಿಟ್ಟ.

ನಾನು ಕಾಗದ ಬರೆಯುವ ಆಸಾಮಿಯಲ್ಲ. ಹಡಗಿನ ಎಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದವನಿಗೆ ಬರುವುದು ಎರಡೇ, ಒಂದು ಕೂಗುವುದು, ಇನ್ನೊಂದು ಸುಮ್ಮನಿರುವುದು. ಫೋನಿನಲ್ಲಿ ನೀನು ಹತ್ತು ಮಾತಾಡಿದರೆ ನಾನು ಒಂದು ಹೂಂ ಅನ್ನುತ್ತೇನೆ, ಇಷ್ಟು ವರ್ಷ ಅದರಲ್ಲೇ ಸಂಸಾರ ನಡೆದಿದೆ. ಆದರೆ ಬುಧವಾರ ನೀನು ಹೇಳಿದ್ದನ್ನು ಕೇಳಿದ ಮೇಲೆ ಹೂಂ ಅಂದುಕೊಂಡು ಕೂರಲು ನನ್ನಿಂದ ಆಗುತ್ತಿಲ್ಲ. ಇನ್ನೂ ಮೂರು ಸುತ್ತು ಔಷಧಿ ಬಾಕಿ ಇದೆ. ಪೂರ್ತಿ ಮುಗಿಸಿದರೆ ಮಾತ್ರ ಪ್ರಯೋಜನ ಎಂದು ಡಾಕ್ಟರ್ ಎಡ್ಡಾ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದಾರೆ. ನೀನು ನೋಡಿದರೆ ಮಂಗಳವಾರ ಅವರ ಮುಂದೆ ಕೂತು ಇಲ್ಲಿಗೆ ಸಾಕು ಎಂದು ಹೇಳಿ ಮನೆಗೆ ಬಂದುಬಿಡುತ್ತೇನೆ ಅನ್ನುತ್ತೀಯ. "ಗಿಡ ಎಲ್ಲಾ ಹಾಳಾಗಿರುತ್ತೆ. ನಿನ್ ಕೈಲಿ ಆಗೋ ಕೆಲ್ಸ ಅಲ್ಲ ಅದು, ನಾನೇ ಬರ್ತೀನಿ" ಎಂದೆ. ಇಲ್ಲ ಕಣೇ, ಎಲ್ಲಾ ಚೆನ್ನಾಗಿದೆ ಎಂದು ನಾನು ಬಾಯಿ ತೆರೆಯುವುದಕ್ಕೂ ನೆಲಮಾಳಿಗೆಯಲ್ಲಿ ಢಮಾರ್ ಎನ್ನುವುದಕ್ಕೂ ಸರಿಹೋಯಿತು. ಏನದು ಎಂದು ನೀನು ಕೇಳಿದೆ. ಬಾಗಿಲು ಬಡಿಯಿತು ಎಂದು ನಾನೆಂದೆ. ನೀನು ಮಲಗುತ್ತೇನೆ ಎಂದು ಇಟ್ಟುಬಿಟ್ಟೆ. ನೀನು ನಂಬಲಿಲ್ಲವೆಂದು ನನಗೆ ಆಗಲೇ ಗೊತ್ತಾಯಿತು.

ಅದು ಬಾಗಿಲಿನ ಸದ್ದಲ್ಲ ಸ್ವಾನಾ. ನೆಲಮಾಳಿಗೆಯ ನಿನ್ನ ತೋಟದಲ್ಲಿ ಗಿಡಗಳ ಮೇಲೆ ಹಚ್ಚುವ ದೀಪ ಒಡೆದದ್ದು. ಇನ್ನು ಒಂದನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ. ಪೂರ್ತಿ ಓದಿ ಆಮೇಲೆ ಬೈಯಿ, ನಡುವೆ ಕಾಗದ ಮಡಚಿ ಫೋನಿಗೆ ಓಡಬೇಡ. ನಾನು ಸುಳ್ಳು ಹೇಳಿ ನೀನು ಅದನ್ನು ಊಹಿಸಿ, ಊಹೆಯಲ್ಲಿ ಅದು ದೊಡ್ಡದಾಗಿ, ಆ ಭಯಕ್ಕೆ ನೀನು ಚಿಕಿತ್ಸೆ ಬಿಟ್ಟು ಬಂದರೆ ನಾನು ಯಾರಿಗೆ ಮುಖ ತೋರಿಸಲಿ?

ನೀನು ಹೋಗುವಾಗ ಹೇಳಿದ್ದೆಲ್ಲ ನನ್ನ ನೆನಪಿನಲ್ಲಿತ್ತು. ನಾಲ್ಕು ಸೋಡಿಯಂ ದೀಪಗಳಲ್ಲಿ ಎರಡನ್ನು ಮಾತ್ರ ಹಚ್ಚಬೇಕು. ಇನ್ನೆರಡು ಬೇಕೆಂದರೆ ಮೊದಲಿನೆರಡು ಆರಿದ ಮೇಲೆ. ಗಿಡದ ತುದಿಯ ಹತ್ತಿರ ಅಂಗೈ ಮಗುಚಿ ಹಿಡಿದು ನೋಡಬೇಕು, ಚರ್ಮ ಚುರುಗುಟ್ಟಿದರೆ ಸರಪಳಿ ಎಳೆದು ದೀಪ ಮೇಲೇರಿಸಬೇಕು. ಬಟ್ಟೆ ಒಗೆಯುವ ಕೋಣೆಯ ಬಾಗಿಲನ್ನು ಸ್ವಲ್ಪ ಓರೆ ಮಾಡಿಡಬೇಕು. ಎಲ್ಲಕ್ಕಿಂತ ಮೊದಲು ಬಿಸಿನೀರು ಹರಿದು ಕೋಣೆ ಕಾಯಿಸುವ ಹೀಟರಿನ ತಿರುಪು ಮುಚ್ಚಿಡಬೇಕು. ಈ ಕಡೆಯದೊಂದು ಮಾತ್ರ ನನ್ನ ತಲೆಯೊಳಗೆ ಇಳಿಯಲೇ ಇಲ್ಲ. ಹೇಗೆ ಇಳಿಯಬೇಕು ಹೇಳು? ಈ ಊರಲ್ಲಿ ಹುಟ್ಟಿದ ಯಾರಾದರೂ ಹೀಟರ್ ಮುಚ್ಚಿದ್ದನ್ನು ನೋಡಿದ್ದೀಯಾ? ನೆಲದೊಳಗಿಂದ ಬಿಸಿನೀರು ತಾನಾಗಿ ಬರುತ್ತದೆ, ಹೀಟರ್ ವರ್ಷವಿಡೀ ಓಡುತ್ತದೆ, ಸೆಕೆಯಾದರೆ ಕಿಟಕಿ ತೆರೆಯುತ್ತೇವೆ. ನನ್ನ ಅಮ್ಮ ಹಾಗೆ ಮಾಡುತ್ತಿದ್ದಳು, ನಿನ್ನ ಅಮ್ಮ ಹಾಗೆ ಮಾಡುತ್ತಿದ್ದಳು. ನನ್ನನ್ನು ತೊಟ್ಟಿಲುಗಾಡಿಯಲ್ಲಿ ಹಾಕಿ ಹಿಮದಲ್ಲಿ ಮಲಗಿಸಿ ಒಳಗೆ ಕಾಫಿ ಕುಡಿಯುತ್ತಿದ್ದ ಮನೆತನ ನಮ್ಮದು. ಕಿಟಕಿ ತೆರೆಯುವುದಕ್ಕೆ ನಾನು ಯೋಚನೆ ಮಾಡುವುದಿಲ್ಲ, ಕೈ ತಾನೇ ಹೋಗುತ್ತದೆ.

ಕಾಯಿಲೆಯವರಿಗೆ ಕೊಡುವ ಟೊಮ್ಯಾಟೊ ನೀರಿನ ಹಾಗಿದೆ, ನಮ್ಮದೊಂದು ಸಿಕ್ಕಿದ್ದರೆ ಉಪ್ಪು ಹಚ್ಚಿ ತಿನ್ನುತ್ತಿದ್ದೆ ಎಂದು ಹೊಸ ವರ್ಷದ ದಿನ ಹೇಳಿದೆಯಲ್ಲ, ತಪ್ಪು ಅಲ್ಲಿಂದ ಶುರುವಾಯಿತು. ನಿನಗೆ ಏನಾದರೂ ತಿನ್ನುವ ಆಸೆಯಾಯಿತೆಂದು ಕೇಳಿಯೇ ಎಷ್ಟೋ ದಿನವಾಗಿತ್ತು. ಕೆಳಗೆ ಹೋಗಿ ನೋಡಿದೆ, ಎಲ್ಲಾ ಹಸಿರು, ಕಲ್ಲಿನಷ್ಟು ಗಟ್ಟಿ. ಎರಡು ದೀಪಕ್ಕೆ ಇಷ್ಟು ಬೆಳೆದರೆ ನಾಲ್ಕಕ್ಕೆ ಎರಡು ಪಟ್ಟು ಬೇಗ ಹಣ್ಣಾಗಬೇಕು ಎಂದು ಲೆಕ್ಕ ಹಾಕಿದೆ. ಎಂಜಿನಿಗಾದರೆ ಆ ಲೆಕ್ಕ ಸರಿ. ನಾಲ್ಕನ್ನೂ ಹಚ್ಚಿದೆ. ಚೋಕ್ ಪೆಟ್ಟಿಗೆಗಳು ಗುಂಯ್ಯೆಂದವು, ದೀಪಗಳು ಮೊದಲು ನಸುಗೆಂಪಾಗಿ ಆಮೇಲೆ ಹಳದಿಯಾದವು, ನೆಲಮಾಳಿಗೆ ನಡುಬೇಸಿಗೆಯ ಮಧ್ಯಾಹ್ನವಾಯಿತು. ಹೊರಗೆ ನಮ್ಮೂರಿಗೆ ಸೂರ್ಯ ಬೆಟ್ಟ ದಾಟಿ ಬರಲು ಇನ್ನೂ ಎರಡು ವಾರ ಬೇಕು. ನಾನು ಮೆಟ್ಟಿಲ ಮೇಲೆ ಕೂತು ಸುಮ್ಮನೆ ನೋಡಿದೆ. ಚಂದವಿತ್ತು, ಅದರಲ್ಲೇನೂ ಸುಳ್ಳಿಲ್ಲ.

ಮಾರನೆಯ ದಿನ ನನ್ನ ಹಳೆಯ ಹಡಗಿನ ಕಪ್ತಾನ ಮುಂದಿ ಕಾಫಿಗೆ ಬಂದ. ಕೆಳಗೆ ಬೆಳಕು ನೋಡಿ ಅವನ ಕಾಲು ಅಲ್ಲೇ ಇಳಿಯಿತು. ಐದು ನಿಮಿಷಕ್ಕೆ ಸ್ವೆಟರ್ ತೆಗೆದ, ಇನ್ನೈದು ನಿಮಿಷಕ್ಕೆ ಅಂಗಿ ತೆಗೆದ, ಆಮೇಲೆ ನಿನ್ನ ಗೊಬ್ಬರದ ಚೀಲದ ಮೇಲೆ ಹೊಟ್ಟೆ ಬಿಟ್ಟುಕೊಂಡು ಒರಗಿ, "ಲೋ ಸ್ಟೇನಾರ್, ಜನ ಸಾಲ ಮಾಡ್ಕೊಂಡು ಬಿಸಿಲು ಕಾಯೋಕೆ ಕೆನರಿ ದ್ವೀಪಕ್ಕೆ ಹೋಗ್ತಾರಲ್ಲೋ, ಇಲ್ಲೇ ಇದೆಯಲ್ಲೋ" ಎಂದ. ಊರಲ್ಲಿ ಅವನಿಗೆ ಗೊತ್ತಾದರೆ ಬಾನುಲಿಯಲ್ಲಿ ಬಂದ ಹಾಗೆ. ಊರಿನ ಬಿಸಿನೀರಿನ ಕೊಳದಲ್ಲಿ ಕತ್ತಿನ ತನಕ ಮುಳುಗಿ ಕೂತು ಎಲ್ಲರಿಗೂ ಹೇಳಿದ. ದಿನಾ ಯಾರಾದರೊಬ್ಬರು ಬರತೊಡಗಿದರು. ಅಂಚೆಮನೆಯ ಹೆಂಗಸು ತನ್ನ ಹೆಣಿಗೆ ಹಿಡಿದುಕೊಂಡು ಬಂದಳು. ನಿನ್ನ ಆರೋಗ್ಯ ಕೇಳಿದರು, ಅದಕ್ಕೆ ನಾನು ಹೂಂ ಎಂದೆ, ಮುಂದೆ ಏನು ಕೇಳಬೇಕೋ ಅವರಿಗೆ ತಿಳಿಯಲಿಲ್ಲ. ಆದರೂ ಅವರು ಬಂದು ಕೂತದ್ದು ನನಗೆ ಹಿತವಾಗಿತ್ತು.

ಮನುಷ್ಯರು ಅಂಗಿ ಬಿಚ್ಚಬಹುದು, ಗಿಡ ಎಲ್ಲಿಗೆ ಹೋಗಬೇಕು? ನನಗೆ ಅದು ಹೊಳೆಯಲೇ ಇಲ್ಲ. ಎರಡನೆಯ ದಿನ ಟೊಮ್ಯಾಟೊ ಎಲೆಗಳ ಅಂಚು ಮೇಲಕ್ಕೆ ಮಡಚಿಕೊಂಡು ದೋಣಿಯಂತಾಗಿತ್ತು. ನೀರು ಸಾಲದು ಎಂದು ಇನ್ನಷ್ಟು ನೀರು ಹೊಯ್ದೆ. ಮೂರನೆಯ ದಿನ ಹೂಗಳು ಉದುರಿದವು, ನೆಲದ ಮೇಲೆ ಹಳದಿ ಹಳದಿಯಾಗಿ ಬಿದ್ದಿದ್ದವು. ಹಣ್ಣು ಕಟ್ಟಿದ ಮೇಲೆ ಹೂ ಉದುರುವುದು ಸಹಜ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸೌತೆಬಳ್ಳಿಯ ಮೇಲಿನ ಎಲೆಗಳು ಸುಟ್ಟ ಕಾಗದದಂತಾದವು. ಥರ್ಮಾಮೀಟರ್ ನೋಡಿದರೆ ಮೂವತ್ತೆಂಟು. ಇದು ಕೆಟ್ಟುಹೋಗಿದೆ ಎಂದು ಥರ್ಮಾಮೀಟರಿಗೇ ಒಂದು ಪೆಟ್ಟು ಕೊಟ್ಟೆ. ಎಂಜಿನ್ ಕೋಣೆಯಲ್ಲಿ ಅಷ್ಟು ಬಿಸಿಯಾಗಿದ್ದರೆ ನಾನು ಕೆಳಗಿನ ಹುಡುಗರ ಜನ್ಮ ಜಾಲಾಡುತ್ತಿದ್ದೆ. ಹೆಂಡತಿಯ ತೋಟಕ್ಕೆ ಬಂದಾಗ ಬುದ್ಧಿ ಮೇಲೆ ಅಡುಗೆಮನೆಯಲ್ಲೇ ಉಳಿದುಬಿಡುತ್ತದೆ ಅಂತ ಕಾಣುತ್ತದೆ.

ಬುಧವಾರ ಬೆಳಗ್ಗೆ ಕೆಳಗಿಳಿದಾಗ ಉಸಿರಾಡಲು ಆಗಲಿಲ್ಲ. ಆಗ ಕೈ ತಾನಾಗಿ ಹೋಯಿತು. ಉತ್ತರದ ಕಿಟಕಿಯನ್ನು ಪೂರ್ತಿ ತೆರೆದು ಕೋಲು ಕೊಟ್ಟು ನಿಲ್ಲಿಸಿದೆ. ತಣ್ಣಗಿನ ಗಾಳಿ ಮುಖಕ್ಕೆ ಬಡಿಯಿತು, ಅಬ್ಬಾ ಎನ್ನಿಸಿತು, ಗಿಡಗಳಿಗೂ ಹಾಗೇ ಅನ್ನಿಸಿರಬೇಕು ಎಂದುಕೊಂಡು ಮೇಲೆ ಬಂದೆ. ಮಧ್ಯಾಹ್ನ ಈಶಾನ್ಯದ ಗಾಳಿ ಎದ್ದಿತು. ನಿನಗೆ ಗೊತ್ತಲ್ಲ, ಅದು ಕಣಿವೆಯಲ್ಲಿ ಇಳಿದು ಬಂದರೆ ಹಿಮವನ್ನು ಅಡ್ಡಡ್ಡ ಹೊಡೆಯುತ್ತದೆ. ನಾನು ಮೇಲೆ ನಿನ್ನ ಫೋನಿಗೆ ಕಾಯುತ್ತಾ ಕೂತಿದ್ದೆ. ಕೆಳಗಿನ ಕಿಟಕಿ ಮರೆತೇ ಹೋಗಿತ್ತು. ನೀನು ಮಾತಾಡಿದೆ, ಮನೆಗೆ ಬರುತ್ತೇನೆ ಎಂದೆ, ಆ ಹೊತ್ತಿಗೇ ಹಿಮದ ಒಂದು ಎರಚು ಕೆಂಡದಂತೆ ಕಾದಿದ್ದ ದೀಪದ ಮೇಲೆ ಬಿದ್ದು ಗಾಜು ಸಿಡಿಯಿತು. ಫೋನಿಟ್ಟು ಕೆಳಗೆ ಓಡಿದೆ. ಗಾಜಿನ ಚೂರು ಎಲೆಗಳ ಮೇಲೆಲ್ಲ, ಕಿಟಕಿಯ ಕೆಳಗೆ ನೀನು ಬೀಜ ಹಾಕಿದ್ದ ತಟ್ಟೆಗಳಲ್ಲಿ ಬಿಳಿ ಹಿಮ, ಸೌತೆಬಳ್ಳಿ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿತ್ತು. ಕೋಣೆಯ ಒಂದು ಬದಿಯಲ್ಲಿ ಸೆಕೆ, ಇನ್ನೊಂದು ಬದಿಯಲ್ಲಿ ಮಂಜುಗಟ್ಟುವ ಚಳಿ. ನಾನು ನಡುವೆ ನಿಂತು ಅತ್ತುಬಿಟ್ಟೆ, ಸ್ವಾನಾ. ಗಿಡಕ್ಕಾಗಿ ಅಲ್ಲ. ನೀನು ಊಹಿಸಿದ್ದು ನಿಜವಾಯಿತಲ್ಲ, ಇನ್ನು ನಿನ್ನನ್ನು ಹೇಗೆ ತಡೆಯಲಿ ಎಂದು ಅತ್ತೆ.

ಹಲೀನಾ ಬಂದಳು. ಅದೇ, ಎದುರು ಮನೆಯ ಪೋಲೆಂಡಿನವಳು, ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ನೀನು ಪ್ರತಿ ಮೇ ತಿಂಗಳಲ್ಲಿ ಸಸಿ ಕೊಡುತ್ತೀಯಲ್ಲ ಅವಳು. ಇವರ ನೆಲಮಾಳಿಗೆಗೆ ಹಿಮ ನುಗ್ಗುತ್ತಿದೆ, ಮುದುಕ ಸತ್ತನೋ ಏನೋ ಎಂದು ರಬ್ಬರ್ ಬೂಟಿನಲ್ಲೇ ಓಡಿಬಂದಿದ್ದಳು. ಬದುಕಿದ್ದೇನೆಂದು ಖಾತ್ರಿಯಾದ ಮೇಲೆ ಬೈಯಲು ಶುರುಮಾಡಿದಳು. ಮೊದಲು ನಮ್ಮ ಭಾಷೆಯಲ್ಲಿ, ಅದು ಸಾಲದೆ ತನ್ನ ಭಾಷೆಯಲ್ಲಿ. ಕಿಟಕಿ ಮುಚ್ಚಿದಳು, ದೀಪಗಳ ಮೈನ್ ಸ್ವಿಚ್ ಆರಿಸಿದಳು, ಹೀಟರ್ ಮೇಲೆ ಕೈಯಿಟ್ಟು ಥಟ್ಟನೆ ಹಿಂದೆಳೆದುಕೊಂಡಳು. ಆಮೇಲೆ ನನ್ನತ್ತ ತಿರುಗಿ, "ಈ ಊರಿನೋರಿಗೆ ಏನಾಗಿದೆ? ಒಳಗೆ ಒಲೆ ಉರಿಸ್ತೀರಿ, ಕಿಟಕಿ ತೆಗೀತೀರಿ, ಸಮುದ್ರಾನ ಬಿಸಿ ಮಾಡೋ ಯೋಚನೆನಾ?" ಎಂದಳು. ನಾನು ಹೋಗಿ ಬುಟ್ಟಿ ತಂದೆ.

ಇಬ್ಬರೂ ಕೂತು ಗಾಜು ಆಯ್ದೆವು. ಅವಳು ಬ್ಯಾಟರಿ ಹಿಡಿದು ಒಂದೊಂದು ಗಿಡದ ಕಾಂಡವನ್ನೂ ಉಗುರಿನಿಂದ ಗೀರಿ ನೋಡಿದಳು. ಒಳಗೆ ಹಸಿರಿದ್ದರೆ ಇರಲಿ ಎಂದಳು, ಕಂದುಬಣ್ಣಕ್ಕೆ ತಿರುಗಿದ್ದರೆ ಕಿತ್ತು ಬುಟ್ಟಿಗೆ ಹಾಕಿದಳು. ಸೌತೆ ಒಂದೂ ಉಳಿಯಲಿಲ್ಲ. ಕಿಟಕಿಯ ಕೆಳಗಿನ ಸಸಿಗಳೂ ಹೋದವು. ಊರಿಗೆಲ್ಲ ಹಂಚಲು ನೀನು ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಕೂತು ಬಿತ್ತಿದ ಮೆಣಸು ಅದು, ನನಗೆ ಗೊತ್ತು. ಹೇಳಲು ಕಷ್ಟವಾಗುತ್ತದೆ, ಆದರೂ ಹೇಳಿದ್ದೇನೆ. ಹಿಂದಿನ ಗೋಡೆಯ ಟೊಮ್ಯಾಟೊಗಳು ಬದುಕಿವೆ, ತುದಿ ಮಾತ್ರ ಸುಟ್ಟಿದೆ. ಕೆಳಗಿನ ಕಾಯಿಗಳಿಗೆ ಏನೂ ಆಗಿಲ್ಲ.

ಇನ್ನು ಒಳ್ಳೆಯ ಸುದ್ದಿ ಕೇಳು. ಗುರುವಾರ ಬೆಳಗ್ಗೆ ನನ್ನ ಬುದ್ಧಿ ಮರಳಿ ಬಂತು. ಇದನ್ನು ತೋಟ ಎಂದು ನೋಡುವುದು ಬಿಟ್ಟು ಎಂಜಿನ್ ಕೋಣೆ ಎಂದು ನೋಡಿದೆ. ದೀಪ ಎಂದರೆ ಬೆಳಕು ಕೊಡುವ ಒಲೆ, ಅಷ್ಟೇ. ಬಿಸಿ ಗಾಳಿ ಮೇಲೇರುತ್ತದೆ, ಅದನ್ನು ಮೇಲಿಂದಲೇ ಎಳೆಯಬೇಕು. ಹೊಸ ಗಾಳಿ ಕೆಳಗಿಂದ ಬರಬೇಕು, ನೇರವಾಗಿ ಗಿಡದ ಮೇಲೆ ಬೀಳಬಾರದು. ಮೊದಲು ಹೀಟರ್ ಮುಚ್ಚಿದೆ. ತಿರುಪು ತುಕ್ಕು ಹಿಡಿದು ಜಗ್ಗಲಿಲ್ಲ, ಈ ಮನೆ ಕಟ್ಟಿದಂದಿನಿಂದ ನಿನ್ನನ್ನು ಬಿಟ್ಟರೆ ಅದನ್ನು ಯಾರೂ ಮುಟ್ಟಿರಲಾರರು, ನೀನು ಬಟ್ಟೆ ಸುತ್ತಿ ಹೇಗೆ ತಿರುಗಿಸುತ್ತಿದ್ದೆಯೋ ದೇವರಿಗೇ ಗೊತ್ತು. ಮುಂದಿಯ ದೋಣಿಮನೆಯಲ್ಲಿ ಬಿದ್ದಿದ್ದ ಎಕ್ಸಾಸ್ಟ್ ಫ್ಯಾನ್ ತಂದು ಸೂರಿನ ಕೆಳಗೆ ಕೂರಿಸಿದೆ. ಹೊರಗಿನ ಗಾಳಿಯನ್ನು ಒಗೆಯುವ ಕೋಣೆಯ ತೂತಿನಿಂದ ಒಳಗೆ ಬಿಟ್ಟೆ. ಅಲ್ಲಿ ಬಿಸಿನೀರಿನ ಕೊಳವೆಗಳ ಪಕ್ಕ ಹಾಯ್ದು ಚಳಿ ಮುರಿದ ಮೇಲೆ ಬಾಗಿಲ ಕೆಳಗಿನ ಸಂದಿಯಿಂದ ತೋಟಕ್ಕೆ ಬರುತ್ತದೆ. ಚೋಕ್ ಪೆಟ್ಟಿಗೆಗಳೂ ಕಡಿಮೆ ಕಾಯುವುದಿಲ್ಲ, ಅವನ್ನು ಎತ್ತಿ ಮೆಟ್ಟಿಲ ಕೆಳಗಿಟ್ಟೆ. ಮೇಜಿನ ಫ್ಯಾನನ್ನು ಗೋಡೆಯ ಕಡೆ ತಿರುಗಿಸಿಟ್ಟೆ, ಗಾಳಿ ಗೋಡೆಗೆ ತಾಗಿ ಸುತ್ತಿ ಬರುತ್ತದೆ, ಎಲೆ ಸಣ್ಣಗೆ ಅಲ್ಲಾಡುತ್ತದೆ. ಈಗ ಎರಡೇ ದೀಪ, ಸರಪಳಿ ಏರುವಷ್ಟು ಎತ್ತರದಲ್ಲಿ. ಥರ್ಮಾಮೀಟರ್ ಇಪ್ಪತ್ತನಾಲ್ಕು ತೋರಿಸುತ್ತದೆ. ಅದರ ಬೆನ್ನು ಸವರಿ ಕ್ಷಮೆ ಕೇಳಿದ್ದೇನೆ.

ಮೊದಲ ದಿನ ಒಂದು ಎಡವಟ್ಟಾಯಿತು. ಫ್ಯಾನಿನ ಗಾಳಿ ಹೊರಗೆ ಹೋಗಲು ತಗಡಿನ ಕೊಳವೆ ಹಾಕಿದೆನಲ್ಲ, ಇಷ್ಟು ಬಿಸಿ ಸುಮ್ಮನೆ ಹಿಮಕ್ಕೆ ಹೋಗಲು ಬಿಡುವುದೇ ಎಂದು ಜಿಪುಣತನ ಬಂತು. ನಿನ್ನಿಂದ ಬಂದ ಬುದ್ಧಿ ಅದು. ಕೊಳವೆಯನ್ನು ಮೆಟ್ಟಿಲ ಪಕ್ಕದಿಂದ ಮೇಲೇರಿಸಿ ನಮ್ಮ ಮಲಗುವ ಕೋಣೆಗೆ ಬಿಟ್ಟೆ. ಒಗೆಯುವ ಕೋಣೆಯಲ್ಲಿ ಒಣಮೀನು ನೇತುಹಾಕಿದ್ದು ನೆನಪಿರಲಿಲ್ಲ. ಗಾಳಿ ಮೀನನ್ನು ಸವರಿಕೊಂಡು, ಗಿಡವನ್ನು ಸವರಿಕೊಂಡು, ನಮ್ಮ ಹಾಸಿಗೆಗೆ ಬಂತು. ಮೀನನ್ನು ದೋಣಿಮನೆಗೆ ಸಾಗಿಸಿದೆ. ಈಗ ಬರೀ ಟೊಮ್ಯಾಟೊ ಎಲೆಯ ವಾಸನೆ ಬರುತ್ತದೆ. ನೀನು ಕುಡಿ ಚಿವುಟಿ ಮೇಲೆ ಬಂದಾಗ ನಿನ್ನ ಬೆರಳಿಗೆ ಆ ವಾಸನೆ ಇರುತ್ತಿತ್ತು. ಕೈ ತೊಳೆದುಕೊಂಡು ಬಾರೇ ಎಂದು ನಾನು ರೇಗುತ್ತಿದ್ದೆ. ಈಗ ದಿಂಬಿಗೆ ಮುಖವಿಟ್ಟು ಮಲಗುತ್ತೇನೆ. ನೀನಿಲ್ಲದ ಮನೆ ನನಗೆ ಸ್ವಲ್ಪವೂ ಹಿಡಿಸುತ್ತಿಲ್ಲ.

ಹಲೀನಾ ದಿನವೂ ಕೆಲಸ ಮುಗಿಸಿ ಬರುತ್ತಾಳೆ. ಸುಟ್ಟ ತುದಿಗಳನ್ನು ಕತ್ತರಿಸಿದಳು, ಪಕ್ಕದ ಕುಡಿಯನ್ನು ಮೇಲಕ್ಕೆ ಕಟ್ಟಿದಳು, ಇನ್ನು ಅದೇ ತಲೆಯಾಗುತ್ತದಂತೆ. ಮೆಣಸನ್ನು ಮತ್ತೆ ಬಿತ್ತಿದ್ದಾಳೆ, ಮೇ ತಿಂಗಳಿಗೆ ತಡವಾಗುವುದಿಲ್ಲವಂತೆ. ಅವಳ ಅಜ್ಜಿ ಊರಲ್ಲಿ ಟೊಮ್ಯಾಟೊ ಬೆಳೆಯುತ್ತಿದ್ದಳಂತೆ, ಆದರೆ ದೀಪದ ಕೆಳಗೆ ಗಿಡ ಬೆಳೆಸುವ ಹುಚ್ಚು ಇಲ್ಲಿಗೆ ಬಂದ ಮೇಲೆಯೇ ನೋಡಿದ್ದಂತೆ. ನಾನು ಗಾಳಿ ನೋಡಿಕೊಳ್ಳುತ್ತೇನೆ, ಅವಳು ಗಿಡ ನೋಡಿಕೊಳ್ಳುತ್ತಾಳೆ, ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ತಲೆ ಹಾಕಿದರೆ ಜಗಳ. ನಿನ್ನೆ ಹಿಟ್ಟು ತಿರುಚಿ ಕ್ಲೇನುರ್ ಕರಿದು ಕೊಟ್ಟೆ. ನಿನ್ನದರ ಹಾಗಿಲ್ಲ, ಎಣ್ಣೆ ಕುಡಿದಿದೆ ಎಂದಳು. ನಾಲ್ಕು ತಿಂದಳು.

ಅವಳೊಂದು ಮಾತು ಹೇಳಿದಳು, ಅದನ್ನೂ ಬರೆಯುತ್ತೇನೆ. ನಾನು ಸರಪಳಿಗೆ ಎಣ್ಣೆ ಹಾಕುತ್ತಾ, ಇಷ್ಟೆಲ್ಲ ಮಾಡಿದ್ದೇನೆ, ಈಗಲಾದರೂ ಸ್ವಾನಾ ನಂಬಿ ಅಲ್ಲೇ ಉಳಿಯಬೇಕು ಎಂದೆ. ಹಲೀನಾ ಕತ್ತರಿ ಕೆಳಗಿಟ್ಟಳು. "ನೀವು ಇಲ್ಲಿ ಗಿಡ ಕಾಯ್ತಾ ಕೂತಿದ್ದೀರ. ಅಲ್ಲಿ ಅವರನ್ನ ಯಾರು ಕಾಯ್ತಾ ಇದ್ದಾರೆ?" ಎಂದಳು. ನನಗೆ ಸಿಟ್ಟು ಬಂತು. ಅಲ್ಲಿ ನರ್ಸುಗಳಿದ್ದಾರೆ, ಡಾಕ್ಟರಿದ್ದಾರೆ, ಈ ತೋಟಕ್ಕೆ ಯಾರಿದ್ದಾರೆ, ಇಲ್ಲಿ ಉಳಿಯಲು ಹೇಳಿದ್ದು ಸ್ವಾನಾನೇ ಎಂದು ದನಿ ಏರಿಸಿದೆ. ಅವಳು ಬೂಟು ಹಾಕಿಕೊಂಡು ಹೋದಳು. ನಾನು ಕೊಳಕ್ಕೆ ಹೋಗಿ ಕುದಿಯುವಷ್ಟು ಬಿಸಿಯಿರುವ ನೀರಿನಲ್ಲಿ ಕೂತೆ. ಮುಂದಿ ಪಕ್ಕದಲ್ಲೇ ಇದ್ದ. ಎಲ್ಲವನ್ನೂ ಹೇಳಿದೆ, ಹಲೀನಾಳದ್ದೇ ತಪ್ಪು ಅನ್ನಲಿ ಎಂದು. ಅವನು ಹಾಗನ್ನಲಿಲ್ಲ. ಅವನ ಹೆಂಡತಿ ತೀರಿಹೋಗುವಾಗ ಅವನು ಸಮುದ್ರದಲ್ಲಿದ್ದ, ನಿನಗೆ ಗೊತ್ತು. ಎದ್ದು ಹೋಗುವಾಗ ನನ್ನ ಭುಜ ಒತ್ತಿ ಹೋದ. ಅವನು ಹಾಗೆ ಮಾಡುವವನಲ್ಲ.

ಆದ್ದರಿಂದ ನಿನಗೆ ಹೇಳುವುದಿಷ್ಟು. ಸೌತೆ ಹೋಗಿದೆ, ಮೆಣಸಿನ ಸಸಿ ಹೋಗಿದೆ, ಒಂದು ದೀಪ ಹೋಗಿದೆ. ಉಳಿದದ್ದು ಚೆನ್ನಾಗಿದೆ, ಅದನ್ನು ನೋಡಿಕೊಳ್ಳಲು ಕೈಗಳೂ ಇವೆ. ನೀನು ಬಂದು ಸರಿಮಾಡಬೇಕಾದ ಕೆಲಸ ಇಲ್ಲಿ ಒಂದೂ ಇಲ್ಲ. ಗಿಡದ ಹೆಸರು ಹೇಳಿ ಔಷಧಿ ನಿಲ್ಲಿಸಬೇಡ, ನಿನ್ನ ಕಾಲು ಹಿಡಿಯುತ್ತೇನೆ. ನಿನ್ನ ಕೈಗೆ ಸೂಜಿ ಚುಚ್ಚಿ ಚುಚ್ಚಿ ನರ ಸಿಗುವುದಿಲ್ಲ ಎಂದು ಎಷ್ಟು ನೋವು ತಿನ್ನುತ್ತಿದ್ದೀಯೆಂದು ನನಗೆ ಗೊತ್ತಿಲ್ಲದೆ ಇಲ್ಲ. ಹಗುರವಾಗಿ ಹೇಳುತ್ತಿಲ್ಲ. ನಿನ್ನನ್ನು ಕಳೆದುಕೊಳ್ಳಲು ನನಗೆ ಭಯ, ಅದಕ್ಕೆ ಹೇಳುತ್ತಿದ್ದೇನೆ.

ಕಾಗದದ ಜೊತೆ ಪುಟ್ಟ ಡಬ್ಬಿ ಇದೆ. ಒಳಗೆ ಎರಡು ಟೊಮ್ಯಾಟೊ, ಪೂರ್ತಿ ಕೆಂಪಾಗಿಲ್ಲ, ಕಿಟಕಿಯ ಹತ್ತಿರ ಇಡು. ಮುಂದಿಯ ಮಗಳು ಇವತ್ತು ಮಧ್ಯಾಹ್ನದ ವಿಮಾನಕ್ಕೆ ಹೊರಟಿದ್ದಾಳೆ, ಸಂಜೆಯೊಳಗೆ ನಿನ್ನ ಕೈಗೆ ಮುಟ್ಟಿಸುತ್ತಾಳೆ. ಡಾಕ್ಟರ್ ಎಡ್ಡಾಗೆ ನನ್ನ ನಮಸ್ಕಾರ ಹೇಳು. ಪಕ್ಕದ ಕೋಣೆಯ ಆ ಅಜ್ಜಿಗೂ ಹೇಳು, ರಾತ್ರಿ ಕೆಮ್ಮುತ್ತಾರೆ ಎಂದಿದ್ದೆಯಲ್ಲ. ಹಲೀನಾ ನಿನಗೆ ಪ್ರೀತಿ ಹೇಳಿದ್ದಾಳೆ, ಮುಂದಿಯೂ ಹೇಳಿದ್ದಾನೆ. ದೇವರು ನಿನ್ನ ತಲೆ ಕಾಯಲಿ, ಟೋಪಿಯೂ ಕಾಯಲಿ.

ಎಂದೆಂದಿಗೂ ನಿನ್ನವನು,
ಸ್ಟೇನಾರ್

ಮರೆತದ್ದು: ಹೊರಗೆ ಕಾರು ಹಾರ್ನ್ ಹೊಡೆಯುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಮೇಲೆ ಬರೆದದ್ದೆಲ್ಲ ಸರಿ, ಆದರೆ ಮುಖ್ಯವಾದದ್ದನ್ನು ಬರೆಯಲು ಧೈರ್ಯ ಬಂದಿರಲಿಲ್ಲ. ಹಲೀನಾಳ ಮನೆಗೆ ಹೋಗಿ ಕೀಲಿಕೈ ಕೊಟ್ಟು ಬಂದೆ. ತೋಟ ಇನ್ನು ಅವಳದ್ದು, ಗಾಳಿಯೂ ಅವಳದ್ದೇ. ನಾನು ಸೋಮವಾರದ ವಿಮಾನಕ್ಕೆ ಬರುತ್ತಿದ್ದೇನೆ. ಗಾಳಿಗೆ ಅದು ಹಾರದಿದ್ದರೆ ಮೀನಿನ ಲಾರಿಯಲ್ಲಿ ಬರುತ್ತೇನೆ, ಡ್ರೈವರಿಗೆ ಹೇಳಿಟ್ಟಿದ್ದೇನೆ. ನಿನ್ನ ಕೋಣೆಗೆ ಇನ್ನೊಂದು ಮಂಚ ಹಾಕುತ್ತಾರಂತೆ, ಫೋನ್ ಮಾಡಿ ಕೇಳಿದೆ. ನೀನು ಗಿಡ ಗಿಡ ಎಂದೆ, ನಾನು ದಡ್ಡ, ಗಿಡವನ್ನೇ ನೋಡುತ್ತಾ ಕೂತೆ. ಒಬ್ಬಳೇ ಇದ್ದು ಇದ್ದು ನಿನಗೆ ಸಾಕಾಗಿದೆ, ಅಲ್ಲವೇ? ಮಂಗಳವಾರ ನಾನು ಪಕ್ಕದಲ್ಲಿ ಕೂರುವ ತನಕ ಡಾಕ್ಟರಿಗೆ ಏನೂ ಹೇಳಬೇಡ. ನಿನ್ನ ಕೈ ನನ್ನ ಕೈಯಲ್ಲಿರುವಾಗ ಹೇಳು. ಆಗಲೂ ಸಾಕು ಅನ್ನಿಸಿದರೆ ನಾನು ಒಂದು ಮಾತೂ ಎದುರಾಡುವುದಿಲ್ಲ, ಇಬ್ಬರೂ ಒಟ್ಟಿಗೆ ಮನೆಗೆ ಬರೋಣ. ಇನ್ನೂ ಮೂರು ಸುತ್ತು ತಡೆಯುತ್ತೇನೆ ಎಂದರೆ ಮೂರೂ ಮುಗಿಯುವ ತನಕ ನಾನು ಅಲ್ಲಿಂದ ಏಳುವುದಿಲ್ಲ.